ಮೇಂಟೆನೆನ್ಸ್ ಕಟ್ಟದ ನಿವಾಸಿ

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪು ಹುಟ್ಟಿದ ದಿನದಿಂದ ಅಲ್ಲಿ ಯಾವ ವಿಷಯಕ್ಕೂ ಒಮ್ಮತ ಮೂಡಿದ್ದಿಲ್ಲ. ಗಣೇಶನ ಚಂದಾ ಇನ್ನೂರೋ ಐನೂರೋ, ಲಿಫ್ಟಿನಲ್ಲಿ ನಾಯಿ ಹತ್ತಿಸಬಹುದೋ ಬಾರದೋ, ಬೋರ್‌ವೆಲ್ ಕೆಟ್ಟಾಗ ಟ್ಯಾಂಕರಿನ ದುಡ್ಡನ್ನು ಬೀಗ ಹಾಕಿದ ಫ್ಲಾಟಿನವರೂ ಕೊಡಬೇಕೋ ಬೇಡವೋ, ಎಲ್ಲದಕ್ಕೂ ಎರಡು ಪಕ್ಷ, ಮೂರು ಭಾಷೆ. ಹೋದ ತಿಂಗಳ ಒಂದು ಬೆಳಗ್ಗೆ ಮಾತ್ರ ನೂರಾ ಎಂಟು ಮನೆಯವರೂ ಒಂದೇ ದನಿಯಲ್ಲಿ ಕೂಗಿದರು. ಈ ಒಗ್ಗಟ್ಟು ತಂದವರು ಅಸೋಸಿಯೇಷನ್ನಿನ ಅಧ್ಯಕ್ಷರಲ್ಲ. ಮೇಂಟೆನೆನ್ಸ್ ಕಟ್ಟದೆ ಒಳಗೆ ಓಡಾಡಿಕೊಂಡಿದ್ದ ಒಬ್ಬ ನಿವಾಸಿ.

ಆರನೇ ನಂಬರಿನ ಕ್ಯಾಮೆರಾ, ಬೆಳಗಿನ ಜಾವ 3 ಗಂಟೆ 42 ನಿಮಿಷ. ಹತ್ತೊಂಬತ್ತು ಸೆಕೆಂಡಿನ ಕಪ್ಪುಬಿಳುಪು ತುಣುಕು. ಮೊದಲು ಖಾಲಿ ಪಾರ್ಕಿಂಗ್. ಹಾಲಿನ ಕ್ರೇಟು ಇಡುವ ಕಟ್ಟೆಯ ಪಕ್ಕದಿಂದ ಎರಡು ಹೊಳೆಯುವ ಚುಕ್ಕಿ, ಅವುಗಳ ಹಿಂದೆ ತಗ್ಗಿದ ಮೈ, ಮೈ ಹಿಂದೆ ಮುಗಿಯುವುದೇ ಇಲ್ಲವೇನೋ ಅನ್ನುವಂಥ ಬಾಲ. ಚಿರತೆ. ಅವಸರವೆಂಬುದಿಲ್ಲ. ‘ವಿಸಿಟರ್ಸ್ ಪಾರ್ಕಿಂಗ್’ ಬೋರ್ಡಿನ ಕೆಳಗೆ ಒಂದು ಗಳಿಗೆ ನಿಂತಿತು. ಆಮೇಲೆ ನಮ್ಮ ಕಾರ್ಯದರ್ಶಿಗಳ ಹೊಸ ಕಾರಿನ ಹಿಂದಿನ ಚಕ್ರವನ್ನು ಮೂಸಿ, ತಿರುಗಿ ನಿಂತು, ಬಾಲ ಎತ್ತಿ, ತನ್ನ ಸರಹದ್ದಿನ ಗುರುತನ್ನು ಧಾರಾಳವಾಗಿ ಸಿಂಪಡಿಸಿ, ಏಳಡಿಯ ಕಾಂಪೌಂಡನ್ನು ಬೆಕ್ಕು ಕಟ್ಟೆ ಹತ್ತಿದಷ್ಟು ಸಲೀಸಾಗಿ ಹತ್ತಿ ಆಚೆ ಇಳಿಯಿತು. ಆ ಜಾಗಕ್ಕಾಗಿ ಕಾರ್ಯದರ್ಶಿಗಳೂ ಸಿ ಬ್ಲಾಕಿನವರೂ ಒಂದು ವರ್ಷದಿಂದ ಜಗಳವಾಡುತ್ತಿದ್ದಾರೆ. ವ್ಯಾಜ್ಯ ಇಷ್ಟು ಬೇಗ ಇತ್ಯರ್ಥವಾದದ್ದನ್ನು ನಾನು ಕಂಡಿರಲಿಲ್ಲ.

ಗುಂಪಿನಲ್ಲಿ ಬಂದ ಮೊದಲ ಪ್ರಶ್ನೆ: ‘ಇದಕ್ಕೆ ಎಂಟ್ರಿ ಕೊಟ್ಟವರು ಯಾರು?’ ನ್ಯಾಯವಾದ ಪ್ರಶ್ನೆಯೇ. ನಮ್ಮಲ್ಲಿ ಊಟ ತರುವ ಹುಡುಗ ಗೇಟಿನಲ್ಲಿ ಹೆಸರು, ಫೋನ್ ನಂಬರು, ಫೋಟೊ ಕೊಟ್ಟು, ಮೇಲಿಂದ ಒಪ್ಪಿಗೆ ಬಂದ ಮೇಲೆ ಒಳಗೆ ಕಾಲಿಡಬೇಕು. ಸ್ವಂತ ಅತ್ತೆ ಬಂದರೂ ಅಷ್ಟೆ. ಎರಡನೆಯ ಸಂದೇಶ ಇನ್ನೂ ಗಂಭೀರ: ‘ದಯವಿಟ್ಟು ಯಾರೂ ಈ ವಿಡಿಯೊ ಹೊರಗೆ ಕಳಿಸಬೇಡಿ. ರೀಸೇಲ್ ವ್ಯಾಲ್ಯೂ ಬೀಳುತ್ತೆ.’ ಎಲ್ಲರೂ ಹೆಬ್ಬೆರಳು ಎತ್ತಿ ಒಪ್ಪಿದರು. ಅರ್ಧ ಗಂಟೆಯೊಳಗೆ ಅದು ಟಿವಿಯಲ್ಲಿ ಬಂತು. ಕೆಂಪು ವೃತ್ತ, ಬಾಣದ ಗುರುತು, ಹಿನ್ನೆಲೆಯಲ್ಲಿ ಸಿನಿಮಾ ಖಳನಾಯಕನ ಸಂಗೀತ. ಹತ್ತೊಂಬತ್ತು ಸೆಕೆಂಡನ್ನು ಹತ್ತೊಂಬತ್ತು ನಿಮಿಷ ತಿರುಗಿಸಿ ತಿರುಗಿಸಿ ತೋರಿಸಿದರು. ಸಿಂಪಡಿಸಿದ ಭಾಗವನ್ನು ಮಾತ್ರ ಮಸುಕು ಮಾಡಿದ್ದರು. ಕನ್ನಡದ ಸುದ್ದಿವಾಹಿನಿಗಳಿಗೆ ಸಭ್ಯತೆಯಿಲ್ಲ ಎಂದು ಇನ್ನು ಮೇಲೆ ಯಾರೂ ಹೇಳಕೂಡದು.

ನಾನೂ ಏನು ಕಡಿಮೆಯಿಲ್ಲ. ಬಂಡೀಪುರದ ಸಫಾರಿಗೆ ಹೋದಾಗ ಕೊಂಡ ‘ಹುಲಿ ಉಳಿಸಿ’ ಟೀ ಶರ್ಟು ನನ್ನ ಬಳಿ ಇದೆ. ಪ್ರತಿ ವರ್ಷ ಜುಲೈ 29ರ ಹುಲಿ ದಿನಕ್ಕೆ ಒಂದು ಚಿತ್ರ ಹಾಕಿ, ‘ಅವು ನಮ್ಮ ನೆರೆಹೊರೆಯವರು’ ಅಂತ ಬರೆಯುವವನು ನಾನು. ಆವತ್ತು ಬೆಳಗ್ಗೆ ಅದೇ ಟೀ ಶರ್ಟು ಹಾಕಿಕೊಂಡು, ಬಾಲ್ಕನಿಗೆ ಕಬ್ಬಿಣದ ಜಾಲರಿ ಕೂರಿಸಲು ಚದರ ಅಡಿಗೆ ಎಷ್ಟಾಗುತ್ತದೆಂದು ವಿಚಾರಿಸಿದೆ. ನಾನಿರುವುದು ಏಳನೇ ಮಹಡಿಯಲ್ಲಿ.

ಈ ಮನೆ ಕೊಂಡಾಗಿನ ಬಣ್ಣದ ಕರಪತ್ರ ಇನ್ನೂ ಬೀರುವಿನಲ್ಲಿದೆ. ಅದರ ಮೇಲೆ ಒಂದು ಜಿಂಕೆ, ಒಂದು ನವಿಲು, ಯೋಗ ಮಾಡುತ್ತಿರುವ ಒಬ್ಬ ಹೆಂಗಸು. ‘ಪ್ರಕೃತಿಯ ಮಡಿಲಲ್ಲಿ ಬದುಕಿ. ಕಾಡಿಗೆ ಕೇವಲ ಹತ್ತು ನಿಮಿಷ.’ ಹತ್ತು ನಿಮಿಷಕ್ಕೆಂದು ಚದರ ಅಡಿಗೆ ಮುನ್ನೂರು ರೂಪಾಯಿ ಹೆಚ್ಚು ಕೊಟ್ಟೆವು. ನಮಗೆ ಕಾಡು ಹತ್ತು ನಿಮಿಷವಾದರೆ ಕಾಡಿಗೆ ನಾವೆಷ್ಟು ನಿಮಿಷ ಎಂಬ ಲೆಕ್ಕ ನೂರಾ ಎಂಟು ಮಂದಿ ಇಂಜಿನಿಯರುಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಚಿರತೆಗೆ ಟ್ರಾಫಿಕ್ಕೂ ಇಲ್ಲ.

ನಮ್ಮ ಬೆಂಗಳೂರಿನ ಪಕ್ಕದ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯ ಎಂದು 2016ರ ಕರಡಿನಲ್ಲಿ ಗುರುತಿಸಿದ್ದು ಸುಮಾರು 269 ಚದರ ಕಿಲೋಮೀಟರ್. 2020ರಲ್ಲಿ ಅಂತಿಮ ಅಧಿಸೂಚನೆ ಬರುವ ಹೊತ್ತಿಗೆ ಅದು 169ಕ್ಕೆ ಇಳಿದಿತ್ತು. ನೂರು ಚದರ ಕಿಲೋಮೀಟರ್ ನೆಲ ನಾಲ್ಕು ವರ್ಷದಲ್ಲಿ ಸೂಕ್ಷ್ಮತೆಯನ್ನು ಕಳೆದುಕೊಂಡು ಒರಟಾಯಿತು. ಎಷ್ಟೋ ಕಡೆ ಕಾಡಿನ ಗಡಿಗೂ ಸೈಟಿನ ಗಡಿಗೂ ನಡುವೆ ಉಳಿದದ್ದು ನೂರು ಮೀಟರ್. ಈ ಬದಲಾವಣೆಯನ್ನು ಗೆಜೆಟ್‌ನಲ್ಲಿ ಪ್ರಕಟಿಸಲಾಯಿತು. ಚಿರತೆಗಳು ಆಕ್ಷೇಪಣೆ ಸಲ್ಲಿಸಲಿಲ್ಲ. ಅಂದಮೇಲೆ ಒಪ್ಪಿಗೆಯೆಂದೇ ಅರ್ಥ. ಆದರೂ ಅವು ಹಳೆಯ ನಕ್ಷೆಯನ್ನೇ ಹಿಡಿದುಕೊಂಡು ಓಡಾಡುತ್ತಿವೆ ಅನ್ನುವುದೇ ಈಗಿನ ತಕರಾರು.

ಅವು ಇರುವುದು ಒಂದೆರಡಲ್ಲ. ಬೆಂಗಳೂರಿನ ಅಂಚಿನಲ್ಲಿ ಬನ್ನೇರುಘಟ್ಟವೂ ಸೇರಿ 80ರಿಂದ 85 ಚಿರತೆಗಳಿವೆ ಎಂದು ಹೊಳೆಮತ್ತಿ ನೇಚರ್ ಫೌಂಡೇಶನ್ 2025ರಲ್ಲಿ ಲೆಕ್ಕ ಕೊಟ್ಟಿತು. ಇಡೀ ರಾಜ್ಯದಲ್ಲಿ 2022ರ ಗಣತಿಯ ಅಂದಾಜು 1,879. ಹುಲಿಗಿಂತ ಮೂರು ಪಟ್ಟು ಹೆಚ್ಚು. ಹುಲಿಗೆ ದಟ್ಟ ಕಾಡು ಬೇಕು, ಕಾಟಿ ಕಡವೆ ಬೇಕು. ಮಹಾರಾಜನ ಸಂಸಾರ ಅದು. ಚಿರತೆ ಮಧ್ಯಮ ವರ್ಗದ್ದು. ಒಂದು ಬಂಡೆಗುಡ್ಡ, ಅದರ ಬುಡದಲ್ಲಿ ಒಂದಿಷ್ಟು ಲಂಟಾನ ಪೊದೆ, ಕೂಗಳತೆಯಲ್ಲಿ ಊರು, ಊರಲ್ಲಿ ನಾಯಿ, ಇಷ್ಟಿದ್ದರೆ ಸಂಸಾರ ಹೂಡಿಬಿಡುತ್ತದೆ. ಗುಡ್ಡವನ್ನು ಕಲ್ಲುಕ್ವಾರಿಯವರು ಜಲ್ಲಿ ಮಾಡಿ ಮಾರಿದರೆ ಕಬ್ಬಿನಗದ್ದೆಗೆ ಇಳಿದು ಅಲ್ಲೇ ಮರಿ ಹಾಕುತ್ತದೆ. ಆ ಜಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಗೋಡೆಯೊಳಗಿದೆ. ಹಾಗೆ ನೋಡಿದರೆ ಅದು ನಮ್ಮ ಮನೆಗೆ ಬಂದಿಲ್ಲ, ತನ್ನ ಮನೆ ಎಲ್ಲಿಗೆ ಹೋಯಿತು ಎಂದು ಹುಡುಕಿಕೊಂಡು ಬಂದಿದೆ. ಇದನ್ನು ಗುಂಪಿನಲ್ಲಿ ಬರೆದೆ. ನನ್ನನ್ನು ಎರಡು ದಿನ ಯಾರೂ ಲಿಫ್ಟಿನಲ್ಲಿ ಮಾತಾಡಿಸಲಿಲ್ಲ.

ಇನ್ನು ಅದಕ್ಕೆ ಊಟ. ನಮ್ಮ ಕಾಂಪೌಂಡಿನ ಹಿಂದಿನ ಖಾಲಿ ಸೈಟು ಸುತ್ತಲಿನ ಆರು ಅಪಾರ್ಟ್‌ಮೆಂಟುಗಳಿಗೂ ಎರಡು ಕೋಳಿ ಅಂಗಡಿಗಳಿಗೂ ಸಾಮೂಹಿಕ ತಿಪ್ಪೆ. ರಾತ್ರಿ ಹನ್ನೊಂದರ ಮೇಲೆ ಅಲ್ಲಿ ಪುಕ್ಕ, ಕರುಳು, ಉಳಿದ ಬಿರಿಯಾನಿ ಬೀಳುತ್ತದೆ. ಅದಕ್ಕೆ ಇಪ್ಪತ್ತು ಬೀದಿನಾಯಿ. ಮಹಾರಾಷ್ಟ್ರದ ಅಕೋಲೆ ಕಣಿವೆಯಲ್ಲಿ ಚಿರತೆಯ ಲದ್ದಿ ಹೆಕ್ಕಿ ಪರೀಕ್ಷಿಸಿದವರಿಗೆ ಅದರ ಊಟದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿದ್ದು ನಾಯಿಯೇ. ಅಂದರೆ ನಾವು ಬಿರಿಯಾನಿ ಎಸೆಯುತ್ತಿಲ್ಲ, ಮೂರು ಹೊತ್ತಿನ ಮೆಸ್ ನಡೆಸುತ್ತಿದ್ದೇವೆ. ಗಿರಾಕಿ ಬಂದಾಗ ಪೊಲೀಸರನ್ನು ಕರೆಯುತ್ತೇವೆ.

ಗಿರಾಕಿ ಬಂದಾಗ ನಮ್ಮ ನಗರ ಏನು ಮಾಡುತ್ತದೆ ಎಂಬುದಕ್ಕೆ ದಾಖಲೆ ಇದೆ. 2016ರ ಫೆಬ್ರವರಿ 7, ಭಾನುವಾರ. ಕುಂದಲಹಳ್ಳಿಯ ಕಡೆ ಒಂದು ಖಾಸಗಿ ಶಾಲೆಗೆ ಚಿರತೆ ಬಂತು. ಮಕ್ಕಳಿಗೆ ರಜೆಯಿದ್ದ ದಿನ ನೋಡಿ ಬಂದದ್ದು ಅದರ ಸೌಜನ್ಯ. ಹಿಡಿಯಲು ಹೋದವರಲ್ಲಿ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರೂ ಇದ್ದರು. ಈಜುಕೊಳದ ಪಕ್ಕ ಅದು ಅವರನ್ನು ಹಿಡಿದೆಳೆದ ದೃಶ್ಯ ದೇಶವೆಲ್ಲ ಸುತ್ತಿತು. ಜೀವನವೆಲ್ಲ ಚಿರತೆಯ ಪರ ವಾದಿಸಿದ ವಕೀಲರನ್ನೇ ಕಕ್ಷಿದಾರ ಕಚ್ಚಿದ್ದು ನ್ಯಾಯಾಂಗದ ಇತಿಹಾಸದಲ್ಲೇ ಅಪರೂಪ. ಅವರು ಗಾಯ ಮಾಯ್ದ ಮೇಲೂ ವಕಾಲತ್ತು ವಾಪಸ್ ಪಡೆಯಲಿಲ್ಲ. ಸೆರೆಸಿಕ್ಕ ಚಿರತೆಯನ್ನು ಬನ್ನೇರುಘಟ್ಟಕ್ಕೆ ಒಯ್ದರು. ವಾರ ಕಳೆಯುವ ಹೊತ್ತಿಗೆ ಅದು ಬೋನಿನಿಂದ ತಪ್ಪಿಸಿಕೊಂಡಿತು. ಈ ನಡುವೆ ‘ಇನ್ನೊಂದು ಬಂದಿದೆಯಂತೆ’ ಎಂಬ ಮಾತಿಗೇ ಆ ಭಾಗದ ಹತ್ತಾರು ಶಾಲೆಗಳಿಗೆ ರಜೆ ಸಿಕ್ಕಿತು. ಆ ಮಕ್ಕಳು ಈಗ ದೊಡ್ಡವರಾಗಿ ಮತ ಹಾಕುತ್ತಿದ್ದಾರೆ. ಚಿರತೆಗಳ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವೇ ಇದ್ದೀತು.

2023ರಲ್ಲಿ ಕೂಡ್ಲು ಗೇಟ್ ಬಳಿಯದ್ದು ಅಷ್ಟು ತಮಾಷೆಯಲ್ಲ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕಾಣಿಸಿಕೊಂಡಿತು. ನಗರ ಮೊಬೈಲ್ ಎತ್ತಿಕೊಂಡು ಅದರ ಹಿಂದೆ ಬಿತ್ತು. ಕೆಲವು ದಿನಗಳ ಆಟದ ಬಳಿಕ ನವೆಂಬರ್ 1ರಂದು ಅರಿವಳಿಕೆ ಮದ್ದು ಹೊಡೆಯಲು ಹೋದ ವೈದ್ಯರ ಮೇಲೆ ಎರಗಿ, ಕೊನೆಗೆ ಗುಂಡೇಟು ತಿಂದು ಸತ್ತಿತು. ಹೊರಗೆ ಬೀದಿಬೀದಿಯಲ್ಲಿ ರಾಜ್ಯೋತ್ಸವದ ಬಾವುಟ, ಧ್ವನಿವರ್ಧಕದಲ್ಲಿ ನಾಡಿನ ಗಂಧದ ಗುಡಿಯ ಗುಣಗಾನ.

ಮೈಸೂರಿನದು ಇದಕ್ಕೆ ತದ್ವಿರುದ್ಧ. 2024ರ ಡಿಸೆಂಬರ್ 31ರ ಬೆಳಗಿನ ಜಾವ ಇನ್ಫೋಸಿಸ್ ಆವರಣದ ಕ್ಯಾಮೆರಾದಲ್ಲಿ ಚಿರತೆಯೊಂದು ಮೂಡಿತು. ಎಲ್ಲರಿಗೂ ಮನೆಯಿಂದಲೇ ಕೆಲಸ, ತರಬೇತಿಯ ಹುಡುಗರಿಗೆ ರಜೆ. ವಾರಕ್ಕೆ ಎಪ್ಪತ್ತು ಗಂಟೆ ದುಡಿಯಬೇಕೆಂಬ ಉಪದೇಶ ಕೇಳಿ ಕೇಳಿ ಸುಸ್ತಾದ ಜನಕ್ಕೆ ಹೊಸ ವರ್ಷದ ಹಿಂದಿನ ದಿನ ಬಿಡುವು ಕೊಡಿಸುವುದು ಯಾವ ಕಾರ್ಮಿಕ ಸಂಘಕ್ಕೂ ಸಾಧ್ಯವಾಗದ ಕೆಲಸ. 300 ಎಕರೆಗೂ ಮೀರಿದ ಆವರಣದಲ್ಲಿ ಡ್ರೋನ್ ಹಾರಿಸಿ, ಬೋನಿಟ್ಟು, ದಿನಗಟ್ಟಲೆ ಹುಡುಕಿದರೂ ಅದು ಸಿಗಲಿಲ್ಲ. ಬಯೋಡೇಟಾ ಬಿಟ್ಟುಹೋಗಿರಲಿಲ್ಲ.

ಹಿಡಿದ ಚಿರತೆಯನ್ನು ಏನು ಮಾಡುವುದು? ಇದಕ್ಕೆ ನಮ್ಮ ಆಡಳಿತದ ಬಳಿ ಇರುವುದು ಒಂದೇ ಮದ್ದು, ವರ್ಗಾವಣೆ. ತಹಸೀಲ್ದಾರರಿಗೆ ಆಗುವುದೇ ಚಿರತೆಗೂ ಆಗುತ್ತದೆ. ಈ ತಾಲ್ಲೂಕಿನ ಶಾಸಕರು ಬೇಡವೆಂದರೆ ಆ ತಾಲ್ಲೂಕಿಗೆ. ಲಾರಿಯ ಮೇಲೆ ಬೋನು, ಬೋನಿನ ಮೇಲೆ ಟಾರ್ಪಾಲು, ರಾತ್ರೋರಾತ್ರಿ ಪಯಣ. ‘ಸುರಕ್ಷಿತವಾಗಿ ಕಾಡಿಗೆ ಬಿಡಲಾಯಿತು’ ಎಂದು ಮರುದಿನ ಪತ್ರಿಕೆಯಲ್ಲಿ. ಯಾವ ಕಾಡು? ಹೇಳುವುದಿಲ್ಲ. ಹೇಳಿದರೆ ಆ ಕಾಡಂಚಿನ ಊರಿನವರು ರಸ್ತೆಗೆ ಇಳಿಯುತ್ತಾರೆ. ಇಳಿಯದೆ ಏನು ಮಾಡಿಯಾರು? ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ 2001ರಿಂದ ಹೀಗೆಯೇ ಚಿರತೆಗಳನ್ನು ಹಿಡಿಹಿಡಿದು ಬೇರೆ ಕಡೆ ಬಿಟ್ಟಾಗ ಮನುಷ್ಯರ ಮೇಲಿನ ದಾಳಿ ಇಳಿಯುವ ಬದಲು ಏರಿತು ಎಂದು ವಿದ್ಯಾ ಆತ್ರೇಯ ಮತ್ತು ಸಂಗಡಿಗರು ತೋರಿಸಿದ್ದಾರೆ. ಗೊತ್ತಿಲ್ಲದ ಜಾಗದಲ್ಲಿ ಗಾಬರಿಬಿದ್ದ ಪ್ರಾಣಿ, ಖಾಲಿಯಾದ ಹಳೆಯ ಜಾಗಕ್ಕೆ ನುಗ್ಗುವ ಪಡ್ಡೆ ಚಿರತೆಗಳು, ಎರಡು ಊರಿಗೂ ತಲೆನೋವು. 2009ರಲ್ಲಿ ಮಹಾರಾಷ್ಟ್ರದಲ್ಲೇ ಒಂದು ಮುದಿ ಗಂಡಿಗೆ ರೇಡಿಯೊ ಪಟ್ಟಿ ಕಟ್ಟಿ ಮಾಳಶೇಜ್ ಘಾಟಿಯಲ್ಲಿ ಬಿಟ್ಟರೆ, ಅದು ರೈಲು ಹಳಿ ಹೆದ್ದಾರಿಗಳನ್ನೆಲ್ಲ ದಾಟಿಕೊಂಡು ನೂರು ಕಿಲೋಮೀಟರಿಗೂ ಮೀರಿ ನಡೆದು ಮುಂಬಯಿಯ ಸಂಜಯ್ ಗಾಂಧಿ ಉದ್ಯಾನ ಸೇರಿತು. ದಾರಿಯಲ್ಲಿ ಯಾರನ್ನೂ ಮುಟ್ಟಲಿಲ್ಲ. ‘ಆಜೋಬಾ’, ಅಂದರೆ ಅಜ್ಜ, ಎಂದು ಅದಕ್ಕೆ ಹೆಸರು. ಅದರ ಮೇಲೆ ಮರಾಠಿಯಲ್ಲಿ ಸಿನಿಮಾವೂ ಬಂತು. ನಮ್ಮಲ್ಲೂ ವರ್ಗವಾದ ಅಧಿಕಾರಿಗಳು ತಿಂಗಳೊಳಗೆ ಬೆಂಗಳೂರಿಗೇ ವಾಪಸಾಗುತ್ತಾರೆ. ಆದರೆ ಅವರು ನಡೆದುಕೊಂಡು ಬರುವುದಿಲ್ಲ.

ನಮ್ಮ ಗುಂಪಿನ ಗಲಾಟೆ ನೋಡಿ ನೋಡಿ ಬೇಸತ್ತು ಊರಿಗೆ ಫೋನ್ ಮಾಡಿದೆ. ನಮ್ಮೂರು ಕುಣಿಗಲ್ ಕಡೆ. ದೊಡ್ಡಪ್ಪನಿಗೆ ಎಪ್ಪತ್ತನಾಲ್ಕು. ಒಂದು ಸೀಮೆಹಸು, ಒಂದು ಕರು, ಮೂರು ಮೇಕೆ.

“ದೊಡ್ಡಪ್ಪ, ನಮ್ಮ ಅಪಾರ್ಟ್‌ಮೆಂಟಿಗೆ ಚಿರತೆ ಬಂದಿತ್ತು.”

“ಹೌದೇನ್ಲಾ? ಏನು ಹಿಡೀತು?”

“ಏನೂ ಇಲ್ಲ. ಬಂದು ಹೋಯ್ತು.”

“ಮತ್ತೆ ಅದಕ್ಯಾಕೆ ಫೋನ್ ಮಾಡಿದೆ?”

ಅವರಿಗೆ ಚಿರತೆ ಸುದ್ದಿಯಲ್ಲ. ಅವರ ಬಾಯಲ್ಲಿ ಅದು ಚಿರತೆಯೂ ಅಲ್ಲ, ಕಿರುಬ. ನಿಘಂಟು ಕಿರುಬನನ್ನು ಕತ್ತೆಕಿರುಬನ ಜೊತೆ ಸೇರಿಸಿಬಿಡುತ್ತದೆ. ನಿಘಂಟಿನವರ ಮೇಕೆ ಹೋಗಿಲ್ಲವಲ್ಲ. ಹೋದ ಶ್ರಾವಣದಲ್ಲಿ ದೊಡ್ಡಪ್ಪನ ಒಂದು ಮೇಕೆಯನ್ನು ಹಟ್ಟಿಯ ಬಾಗಿಲಿಂದಲೇ ಎತ್ತಿತ್ತು. ಆಮೇಲೆ ಊರಿನವರು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕೂತು, ಬೈದು, ಅಂಗಲಾಚಿ ಒಂದು ಬೋನು ತರಿಸಿದರು. ಆ ಬೋನಿನ ಕಥೆಯನ್ನು ಹೇಳಲೇಬೇಕು.

ಬೋನಿನ ಹಿಂದಿನ ಖಾನೆಯಲ್ಲಿ ಬಲಿಗೆ ಒಂದು ಪ್ರಾಣಿ ಕಟ್ಟಬೇಕು. ಮೇಕೆ ಕೊಡಲು ಯಾರೂ ಒಪ್ಪಲಿಲ್ಲ. ಬಂದವರು ಊರಿನ ಒಂದು ಬಡಕಲು ಕಂತ್ರಿ ನಾಯಿಯನ್ನು ಹಿಡಿದು ಒಳಗೆ ಬಿಟ್ಟು, ‘ದಿನಾ ಊಟ ನೀರು ಹಾಕಿ’ ಎಂದು ಹೇಳಿ ಹೋದರು. ಮೊದಲ ರಾತ್ರಿ ನಾಯಿ ಪ್ರಾಣಭಯದಿಂದ ಊಳಿಟ್ಟಿತು. ಎರಡನೇ ರಾತ್ರಿಯೂ ಊಳಿಟ್ಟಿತು. ಪಾಪ ಎಂದು ಹೆಂಗಸರು ಮುದ್ದೆ, ಸಾರು ತಂದಿಟ್ಟರು. ಮೂರನೇ ದಿನ ಯಾರೋ ಕೋಳಿಮೂಳೆ ತಂದರು. ವಾರದ ಹೊತ್ತಿಗೆ ಬೋನಿನ ಮುಂದೆ ಊರಿನ ಮಕ್ಕಳೆಲ್ಲ ಸೇರತೊಡಗಿದರು. ನಾಯಿಗೊಂದು ಹೆಸರು ಬಿತ್ತು, ಸಾಹುಕಾರ. ತಿಂಗಳು ಕಳೆಯುವುದರಲ್ಲಿ ಅದರ ಮೈ ತುಂಬಿ, ಕೂದಲು ಮಿಂಚಿ, ಪಕ್ಕೆಲುಬು ಕಾಣದಾಯಿತು. ಸುತ್ತ ಕಬ್ಬಿಣದ ಸರಳು, ಮೇಲೆ ತಗಡು, ಹೊತ್ತು ಹೊತ್ತಿಗೆ ಊಟ. ಊರಿನಲ್ಲಿ ಚಿರತೆಯ ಭಯವಿಲ್ಲದೆ ನಿದ್ದೆ ಮಾಡುತ್ತಿದ್ದ ಜೀವ ಅದೊಂದೇ. ಚಿರತೆ ದಿನ ಬಿಟ್ಟು ದಿನ ಬಂದು ಬೋನಿನ ಸುತ್ತ ಒಂದು ಸುತ್ತು ಹಾಕಿ, ಹೆಜ್ಜೆಗುರುತು ಮೂಡಿಸಿ ಹೋಗುತ್ತಿತ್ತು. ಕೊನೆಗೆ ಇಲಾಖೆಯವರು ಬಂದು ಬೋನಿನ ಬಾಗಿಲು ಎತ್ತಿ ನಾಯಿಯನ್ನು ಹೊರಗೆ ಕರೆದರು. ಅದು ಬರಲಿಲ್ಲ. ಕೋಲಲ್ಲಿ ತಿವಿದರೂ ಮೂಲೆ ಹಿಡಿದು ಗುರ್ ಅಂದಿತು.

“ಗೇಟೆಡ್ ಕಮ್ಯುನಿಟಿ ರುಚಿ ಹತ್ತಿಬಿಟ್ಟಿತ್ತು ಅನ್ನು” ಅಂದೆ.

“ಅದೇನೋಪ್ಪ. ನಿಮ್ಮ ಮನೆ ನೋಡಿದಾಗ ನಂಗೂ ಹಂಗೇ ಅನ್ನಿಸಿತ್ತು” ಅಂದರು ದೊಡ್ಡಪ್ಪ.

ಮೇಕೆಯ ಪರಿಹಾರದ ಕತೆ ಬೇರೆ. ಮೇಕೆ ಸತ್ತದ್ದಕ್ಕೆ ಸಾಕ್ಷಿಯಾಗಿ ಅದರ ಕಳೇಬರ ಬೇಕಂತೆ. ತಿಂದವನು ಎಲುಬೂ ಬಿಟ್ಟಿಲ್ಲ. ಫೋಟೊ, ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ, ಪಶುವೈದ್ಯರ ಪತ್ರ. ಮೂರು ಸಲ ಕುಣಿಗಲ್ಲಿಗೆ ಬಸ್ಸು, ಪ್ರತಿ ಸಲ ಒಂದೊಂದು ದಿನದ ಕೆಲಸ ಹಾಳು. ನಾಲ್ಕನೆಯ ಸಲ ದೊಡ್ಡಪ್ಪ ಹೋಗಲಿಲ್ಲ. ‘ಒಂದು ಮೇಕೆನ ಅದು ತಿಂತು, ಇನ್ನೊಂದನ್ನು ಬಸ್‌ಚಾರ್ಜಿಗೆ ನಾನು ಮಾರಬೇಕಾ?’

ಮೇಕೆಯ ಮಾತು ಬಿಡಿ. 2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಸತ್ತರು. ಇಬ್ಬರು ಕಾಲೇಜಿಗೆ ಹೋಗುವ ವಯಸ್ಸಿನವರು, ಒಬ್ಬ ಇನ್ನೂ ಹುಡುಗ. ಸಂಜೆಯಾದರೆ ಹೊರಗೆ ಬರಬೇಡಿ ಅಂದರು ಅಧಿಕಾರಿಗಳು. ಸಂಜೆ ಹೊರಗೆ ಬರದೆ ಹಸುವಿಗೆ ಹುಲ್ಲು ಹಾಕುವುದು ಹೇಗೆ, ರಾತ್ರಿ ಪಾಳಿಯಲ್ಲಿ ಮಾತ್ರ ಬರುವ ತ್ರೀಫೇಸ್ ಕರೆಂಟಿಗೆ ಪಂಪ್‌ಸೆಟ್ ಹಾಕುವುದು ಯಾರು, ಮನೆಯಲ್ಲಿ ಶೌಚಾಲಯ ಕಾಗದದ ಮೇಲಷ್ಟೇ ಇರುವವರು ಎಲ್ಲಿಗೆ ಹೋಗುವುದು, ಇವಕ್ಕೆ ಸುತ್ತೋಲೆಯಲ್ಲಿ ಜಾಗ ಸಾಲಲಿಲ್ಲ. ಆ ದಿನಗಳಲ್ಲೇ ಸಾವಿನ ಪರಿಹಾರ 7.5 ಲಕ್ಷದಿಂದ 15 ಲಕ್ಷಕ್ಕೆ ಏರಿತು. ಸರ್ಕಾರ ಅಷ್ಟರಮಟ್ಟಿಗೆ ಕಠಿಣ ಕ್ರಮ ಕೈಗೊಂಡಿತು.

ಮೈಸೂರಿನ ಆವರಣದ ಚಿರತೆಗೆ ಡ್ರೋನ್, ಕುಣಿಗಲ್ಲಿನ ಚಿರತೆಗೆ ಕಂತ್ರಿ ನಾಯಿ. ‘ಸಹಬಾಳ್ವೆ’ ಎಂಬ ಪದ ಹುಟ್ಟುವುದು ನಮ್ಮ ಕಡೆ, ಹವಾನಿಯಂತ್ರಿತ ಸಭಾಂಗಣದಲ್ಲಿ, ಗೋಡಂಬಿ ಬಿಸ್ಕತ್ತಿನ ತಟ್ಟೆಯ ಪಕ್ಕ. ಬಳಕೆಯಾಗುವುದು ಅವರ ಕಡೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದಕ್ಕೆ ಇಷ್ಟು ಚಂದದ ಪಾರಿಭಾಷಿಕ ಪದ ಇನ್ನೊಂದಿಲ್ಲ. ಹುಲಿಯನ್ನು ನೋಡಲು ನಾನು ಸಾವಿರಾರು ರೂಪಾಯಿ ಕೊಟ್ಟು ಜೀಪಿನಲ್ಲಿ ಕೂರುತ್ತೇನೆ. ಕಾಡಂಚಿನ ಸರಗೂರಿನ ರೈತ ಹೊಲದಲ್ಲೇ ಪುಕ್ಕಟೆ ನೋಡುತ್ತಾನೆ. ಆ ಕಡೆ ಹುಲಿ ದಾಳಿಗೆ ಜನ ಸತ್ತು 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆಗಳ ಸಫಾರಿ ನಿಲ್ಲಿಸಿದಾಗ ನನ್ನ ಸ್ನೇಹಿತರೊಬ್ಬರು ನಿಜವಾಗಿ ಕಣ್ಣೀರು ಹಾಕಿದರು. ಅವರ ರೆಸಾರ್ಟ್ ಬುಕ್ಕಿಂಗ್ ದುಡ್ಡು ವಾಪಸ್ ಬರುವುದಿಲ್ಲವಂತೆ.

ಇದಕ್ಕೆಲ್ಲ ಅತ್ಯುತ್ತಮ ಟೀಕೆ ಬರೆದವರು ಯಾವ ಅಂಕಣಕಾರನೂ ಅಲ್ಲ, ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದವರು. 2025ರ ಸೆಪ್ಟೆಂಬರ್‌ನಲ್ಲಿ ಹುಲಿ ಹಿಡಿಯಿರಿ ಎಂದು ಕೇಳಿ ಕೇಳಿ ಸಾಕಾದ ಅವರು, ತಡವಾಗಿ ಬಂದ ಅರಣ್ಯ ಸಿಬ್ಬಂದಿಯನ್ನೇ ಹುಲಿಗಿಟ್ಟ ಬೋನಿನೊಳಗೆ ತಳ್ಳಿ ಬಾಗಿಲು ಹಾಕಿದರು. ಕೂಡಿಹಾಕಿದ್ದು ತಪ್ಪು. ಒಳಗಿದ್ದವರು ಹಗಲೂ ರಾತ್ರಿ ಕಾಡು ಅಲೆಯುವ ಬಡಪಾಯಿಗಳು, ಬೋನಿಗೆ ಯೋಗ್ಯರು ಇನ್ನೂ ಮೇಲಿನ ಮಹಡಿಯಲ್ಲಿದ್ದರು. ಆದರೂ ಆ ಚಿತ್ರ ನೋಡಿದವರು ಒಂದು ಕ್ಷಣವಾದರೂ ನಗದೆ ಇರಲಿಲ್ಲ.

ಅದೇ ವರ್ಷದ ಜೂನಿನ ಚಿತ್ರ ನೋಡಿ ಯಾರೂ ನಗಲಿಲ್ಲ. ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ, ಐದೂ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಬೆರೆಸಿದ್ದರು. ಹುಲಿಯ ಮೇಲೆ ಕೂತು ಏಳೂ ಮಲೆ ಸುತ್ತಿದ ದೇವರ ಬೆಟ್ಟವದು. ಉಘೇ ಎನ್ನುತ್ತ ಹರಕೆ ಹೊತ್ತು ಲಕ್ಷಗಟ್ಟಲೆ ಜನ ಹತ್ತುತ್ತಾರೆ. ದೇವರ ವಾಹನವಾದ ಹುಲಿಗೂ ಅಲ್ಲಿ ಪೂಜೆ.

ನಮಗೆಲ್ಲ ಶಾಲೆಯಲ್ಲೇ ಪಾಠವಾಗಿದೆಯಲ್ಲ, ಪುಣ್ಯಕೋಟಿ. ಹಸು ಕರುವಿಗೆ ಹಾಲುಣಿಸಿ, ಕೊಟ್ಟ ಮಾತಿಗೆ ತಪ್ಪದೆ ವಾಪಸ್ ಬರುತ್ತದೆ. ಅದನ್ನು ಕಂಡು ಹುಲಿ ಮನನೊಂದು ಪ್ರಾಣ ಬಿಡುತ್ತದೆ. ನಾವೆಲ್ಲ ಅತ್ತೆವು, ಹಸುವಿಗಾಗಿ. ಮಾನವ ವನ್ಯಜೀವಿ ಸಂಘರ್ಷಕ್ಕೆ ನಾವು ಕಂಡುಕೊಂಡ ಮೊದಲ ಪರಿಹಾರ ಇದೇ ಇರಬೇಕು: ಹಸುವಿಗೆ ಹಾನಿಯಿಲ್ಲ, ಗೊಲ್ಲನಿಗೆ ನಷ್ಟವಿಲ್ಲ, ಅರ್ಜಿ ನಮೂನೆ ಬೇಕಿಲ್ಲ, ಹುಲಿ ತಾನಾಗಿಯೇ ಹಾರಿ ಪ್ರಾಣ ಬಿಟ್ಟಿತು. ಅಂದಿನಿಂದ ನಾವು ಪ್ರತಿ ಹುಲಿಯಿಂದಲೂ ಪ್ರತಿ ಚಿರತೆಯಿಂದಲೂ ಇಷ್ಟೇ ಸಂಸ್ಕಾರವನ್ನು ನಿರೀಕ್ಷಿಸುತ್ತಿದ್ದೇವೆ. ಹೂಗ್ಯಂನಲ್ಲಿ ಹುಲಿ ಹಸುವಿನ ಮಾತಿಗೆ ಕಾಯಲಿಲ್ಲ, ಗೊಲ್ಲ ಹುಲಿಯ ಪಶ್ಚಾತ್ತಾಪಕ್ಕೆ ಕಾಯಲಿಲ್ಲ. ಪರಿಹಾರದ ಅರ್ಜಿ ಕಾಯುತ್ತ ಕೂತಿರುತ್ತಿತ್ತೋ ಏನೋ.

ನಮ್ಮ ಅಪಾರ್ಟ್‌ಮೆಂಟಿನ ತುರ್ತು ಮಹಾಸಭೆ ಕಳೆದ ಭಾನುವಾರ ಕ್ಲಬ್‌ಹೌಸಿನಲ್ಲಿ ನಡೆಯಿತು. ಕೋರಂ ಆದದ್ದು ಇದೇ ಮೊದಲು. ನಿರ್ಣಯಗಳು ಹೀಗೆ: ಕಾಂಪೌಂಡಿನ ಮೇಲೆ ಸೋಲಾರ್ ತಂತಿ. ಹಿಂದಿನ ಸೈಟಿಗೆ ಕಸ ಎಸೆಯುವುದರ ಬಗ್ಗೆ ಮುಂದಿನ ಸಭೆಯಲ್ಲಿ ಚರ್ಚೆ. ಚಿರತೆಗೆ ಅಪಾಯವಾಗದಂತೆ ಹಿಡಿದು ‘ಒಳ್ಳೆಯ ಕಾಡಿಗೆ’ ಬಿಡುವಂತೆ ಮನವಿ. ಒಳ್ಳೆಯ ಕಾಡು ಎಲ್ಲಿದೆ ಎಂದು ಒಬ್ಬರು ಕೇಳಿದ್ದಕ್ಕೆ, ‘ಕುಣಿಗಲ್ ಕಡೆ ಗುಡ್ಡಗಳಿವೆಯಂತಲ್ಲ, ನಿಮ್ಮೂರು ಅಲ್ವಾ?’ ಎಂದು ಕಾರ್ಯದರ್ಶಿಗಳು ನನ್ನ ಮುಖ ನೋಡಿದರು. ಕೊನೆಯ ನಿರ್ಣಯ: ರಾತ್ರಿ ಸೆಕ್ಯುರಿಟಿಯವರು ಗಂಟೆಗೊಮ್ಮೆ ಟಾರ್ಚು, ಲಾಠಿ ಹಿಡಿದು ಕಾಂಪೌಂಡಿನ ಸುತ್ತ ಒಬ್ಬರೇ ಒಂದು ಸುತ್ತು ಹಾಕತಕ್ಕದ್ದು. ಸರ್ವಾನುಮತ. ಮೊದಲೇ ತರಿಸಿದ್ದ ಲಾಠಿಯ ಖರ್ಚು ಎಪ್ಪತ್ತು ರೂಪಾಯಿ ಮಂಜೂರು.

ಸಭೆ ಮುಗಿಸಿ ಹೊರಗೆ ಬಂದಾಗ ಹತ್ತೂವರೆ. ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ರಾತ್ರಿ ಪಾಳಿಯವನು ಆಗತಾನೆ ಬಂದು ಕೂತಿದ್ದ. ಕುರ್ಚಿಯ ಒಂದು ಕಾಲಿಗೆ ತಂತಿ ಸುತ್ತಿದೆ. ರಾಯಚೂರು ಕಡೆಯ ಹುಡುಗ. ಹೊಸ ಲಾಠಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಪ್ಲಾಸ್ಟಿಕ್ ಕವರನ್ನು ಬಿಡಿಸುತ್ತಿದ್ದ.

“ನಿನಗೆ ಹೆದರಿಕೆ ಆಗಲ್ವೇನಪ್ಪ?”

“ಮೊದಮೊದಲು ಆಗ್ತಿತ್ರಿ ಸರ. ಈಗ ರೂಢಿ ಆಗೇದ.”

“ಈಗ ಅಂದ್ರೆ? ಮೊನ್ನೆ ತಾನೆ ಬಂದದ್ದು.”

ಅವನು ಆಚೀಚೆ ನೋಡಿದ. “ಏಳು ತಿಂಗಳಾತ್ರಿ ಅದು ಬರಾಕತ್ತಿ. ವಾರಕ್ಕೆ ಎರಡು ಸಲ ಬರ್ತದ. ನನಗಿಂತ ಮೊದಲಿದ್ದವ ಹೇಳಿದ್ನಂತ್ರಿ. ಕುಡದು ಮಾತಾಡ್ತಾನ ಅಂತ ಕೆಲಸದಿಂದ ತೆಗದ್ರು. ಅದಕ ನಾ ಹೇಳ್ಲಿಲ್ಲ.”

ನಾನು ಸುಮ್ಮನೆ ನಿಂತೆ. ಹಿಂದಿನ ಸೈಟಿನಲ್ಲಿ ಯಾವುದೋ ಚೀಲ ದೊಪ್ಪೆಂದು ಬಿತ್ತು. ನಾಯಿಗಳು ಒಮ್ಮೆ ಬೊಗಳಿ ತಣ್ಣಗಾದವು.

“ಸರ, ಒಂದು ಮಾತು” ಅಂದ. “ಆ ತಂತಿ ಹಾಕಿಸೋದು ಬ್ಯಾಡ ಅಂತ ನೀವಾದ್ರೂ ಹೇಳ್ರಿ. ಈಗ ಅದು ಸಂಪಿಗಿ ಗಿಡದ ಕಡೆಯಿಂದನ ಬರ್ತದ ಅಂತ ನನಗ ಗೊತ್ತದ, ನಾ ಈ ಕಡೆ ಕುರ್ಚಿ ಹಾಕ್ಕೊಂಡಿರ್ತೀನಿ. ತಂತಿ ಹಾಕಿದ್ರ ಯಾವ ಕಡೆಯಿಂದ ಬರ್ತದೋ ಏನೋ.”